ಆರನ್ ಹಿರಿಮೆ ಬರೀ ವರ್ಷಗಳ ಲೆಕ್ಕವಲ್ಲ

ಬೇಸ್‌ಬಾಲ್‌ನ ಹೋಮ್‌ರನ್ ದಾಖಲೆಯಲ್ಲಿ ಹ್ಯಾಂಕ್ ಆರನ್ ಬೇಬ್ ರೂತ್ ಅವರನ್ನು ಹಿಂದಿಕ್ಕಿದ್ದು ಪ್ರತಿಭೆಯಿಂದಲ್ಲ, ಹೆಚ್ಚು ವರ್ಷ ಆಡಿದ್ದರಿಂದ ಎಂದು ಲೇಖನವೊಂದರಲ್ಲಿ ಲೇಖಕರು ಮಂಡಿಸಿದ ವಾದವನ್ನು ಒಪ್ಪಲಾಗದು. ಒಂದೇ ಋತುವಿನಲ್ಲಿ ಆರನ್ 50 ಹೋಮ್‌ರನ್ ಹೊಡೆದವರಲ್ಲ, ನಿಜ. ಆದರೆ ಅವರ 755 ಹೋಮ್‌ರನ್‌ಗಳನ್ನು ಪೂರ್ತಿ ಕಳೆದುಬಿಡಿ. ಆಗಲೂ 3,016 ಹಿಟ್‌ಗಳು ಉಳಿಯುತ್ತವೆ! ಬರೀ ಹೋಮ್‌ರನ್ ವೀರನಿಗೆ ಇದು ಸಾಧ್ಯವೇ?

ಲೇಖನ ಮುಟ್ಟದೇ ಬಿಟ್ಟ ಸಂಗತಿ ಇನ್ನೂ ದೊಡ್ಡದು. 1973ರ ಋತು ಮುಗಿದಾಗ ಆರನ್ 713 ಹೋಮ್‌ರನ್‌ಗಳಲ್ಲಿದ್ದರು, ರೂತ್ ಅವರಿಗಿಂತ ಒಂದೇ ಕಡಿಮೆ. ಕರಿಯನೊಬ್ಬ ಆ ದಾಖಲೆ ಮುರಿಯಕೂಡದೆಂದು ಕೊಲೆ ಬೆದರಿಕೆಯ ಪತ್ರಗಳು ಬರುತ್ತಲೇ ಇದ್ದವು. 1974ರ ಏಪ್ರಿಲ್ 8ರಂದು ಅಟ್ಲಾಂಟಾದಲ್ಲಿ ಆಲ್ ಡೌನಿಂಗ್ ಎಸೆದ ಚೆಂಡನ್ನು ಅವರು ಬೇಲಿಯಾಚೆ ಅಟ್ಟಿ ಆ ದಾಖಲೆ ಮುರಿದರು. ಬೇಸ್‌ಗಳನ್ನು ಸುತ್ತಿ ಬಂದ ಮಗನನ್ನು ತಾಯಿ ಬಿಗಿದಪ್ಪಿಕೊಂಡರು. ಇಂಥವರ ಸಾಧನೆಯನ್ನು ವರ್ಷಗಳ ಲೆಕ್ಕಕ್ಕೆ ಇಳಿಸುವುದು ಅನ್ಯಾಯ. ಲೇಖಕರು ತಮ್ಮ ಮಾತನ್ನು ಮರುಪರಿಶೀಲಿಸಲಿ.