ರಾಜಿಗೆ ಕೂತವರಲ್ಲಿ ನಮ್ಮವನೂ ಒಬ್ಬ

ಕೇರಿಯ ಹೆಣ್ಣುಮಗಳ ಮೈಮೇಲೆ ಕೈಹಾಕಿದವನು ಊರಿನವನಾದರೆ ನಮ್ಮ ರಕ್ತ ಕುದಿಯುತ್ತದೆ. ಅವತ್ತೇ ರಾತ್ರಿ ಪೋಸ್ಟರು ಬರೀತೀವಿ, ಹಾಸ್ಟೆಲಿನಿಂದ ಹಾಸ್ಟೆಲಿಗೆ ಸುದ್ದಿ ಮುಟ್ಟಿಸ್ತೀವಿ, ಠಾಣೆ ಮುಂದೆ ಕೂರ್ತೀವಿ. ಅವನು ಕೇರಿಯವನೇ ಆದರೆ?

ಹೋದ ಸಭೆ ಮುಗಿದ ಮೇಲೆ ಒಬ್ಬ ತಾಯಿ ನಮ್ಮನ್ನು ಪಕ್ಕಕ್ಕೆ ಕರೆದು ಕೇಳಿದ್ದು ಇದನ್ನೇ. ಡಿಗ್ರಿ ಓದುತ್ತಿದ್ದ ಅವಳ ಮಗಳಿಗೆ ಆದ ಅನ್ಯಾಯವನ್ನು ಯಜಮಾನರು ಕೂತು ‘ಮುಗಿಸಿ’ಬಿಟ್ಟಿದ್ದರು. ಅವನಿಗೆ ತಪ್ಪುದಂಡ. ಹುಡುಗಿಗೆ ಕಾಲೇಜು ಬಿಡಿಸಿ ದೂರದ ನೆಂಟರ ಮನೆ. ಆ ಪಂಚಾಯ್ತಿಯಲ್ಲಿ ನಮ್ಮ ಸಂಗಾತಿಯೂ ಒಬ್ಬ ಕೂತಿದ್ದ. ಹೊರಗೆ ಗೊತ್ತಾದರೆ ಊರಿನವರು ಆಡಿಕೋತಾರೆ, ಸಂಘಟನೆ ಒಡೆಯುತ್ತೆ ಅನ್ನೋದು ಅವನ ವಾದ. ಆ ತಾಯಿಗೆ ನಾವೂ ನೆಟ್ಟಗೆ ಉತ್ತರ ಕೊಡಲಿಲ್ಲ. ನಾಚಿಕೆಯಿಂದಲೇ ಇದನ್ನು ಬರೀತಿದ್ದೀವಿ. ಅವನು ಮಾತ್ರ ದಿನಾ ಟೀ ಅಂಗಡಿ ಮುಂದೆ ಕಾಲುಮೇಲೆ ಕಾಲು ಹಾಕಿ ಕೂರ್ತಾನೆ.

1942ರ ಜುಲೈನಲ್ಲಿ ನಾಗಪುರದಲ್ಲಿ ಸಾವಿರಾರು ದಲಿತ ಹೆಂಗಸರು ಸಮ್ಮೇಳನ ನಡೆಸಿದರು. ಅಲ್ಲಿ ಬಾಬಾಸಾಹೇಬರು, ಒಂದು ಸಮುದಾಯ ಎಷ್ಟು ಮುಂದೆ ಬಂದಿದೆ ಅನ್ನೋದನ್ನು ಅದರ ಹೆಂಗಸರು ಎಷ್ಟು ಮುಂದೆ ಬಂದಿದ್ದಾರೆ ಅನ್ನೋದರಿಂದ ಅಳೆದರು. ಆ ಅಳತೆಗೋಲು ನಮ್ಮ ಕೇರಿಗೆ ಬೇಡವೆ?

ಗೆಳೆಯರೆ, ಒಂದು ಹಳೇ ಕೇಸು ನೆನೆಯೋಣ. 1972ರಲ್ಲಿ ಮಹಾರಾಷ್ಟ್ರದ ದೇಸಾಯಿಗಂಜ್ ಠಾಣೆಯೊಳಗೇ ಪೊಲೀಸರು ಅತ್ಯಾಚಾರ ಮಾಡಿದರೆಂದು ಮಥುರಾ ಎಂಬ ಆದಿವಾಸಿ ಹುಡುಗಿ ದೂರಿದಳು. ಹೈಕೋರ್ಟು ಇಬ್ಬರು ಪೊಲೀಸರಿಗೆ ಶಿಕ್ಷೆ ಕೊಟ್ಟಿತು. 1978ರಲ್ಲಿ ಸುಪ್ರೀಂ ಕೋರ್ಟು ಅವರನ್ನು ಬಿಟ್ಟಿತು. ಮೈಮೇಲೆ ಗಾಯವಿಲ್ಲ, ಪ್ರತಿಭಟಿಸಿದ ಗುರುತಿಲ್ಲವಂತೆ! ಠಾಣೆಯೊಳಗೆ, ರಾತ್ರಿಯಲ್ಲಿ, ಒಬ್ಬ ಕೂಲಿ ಹುಡುಗಿ ಹೇಗೆ ಪ್ರತಿಭಟಿಸಬೇಕಿತ್ತೋ. 1979ರಲ್ಲಿ ನಾಲ್ವರು ಕಾನೂನು ಮೇಷ್ಟ್ರುಗಳು ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು, ಹೆಂಗಸರು ಬೀದಿಗಿಳಿದರು. 1983ರಲ್ಲಿ ಕಾನೂನು ತಿದ್ದುಪಡಿಯಾಯಿತು. ಪೊಲೀಸ್ ವಶದಲ್ಲಿದ್ದ ಹೆಂಗಸು ನಾನು ಒಪ್ಪಿರಲಿಲ್ಲ ಅಂದರೆ ಕೋರ್ಟು ಮೊದಲು ಅವಳ ಮಾತನ್ನೇ ಹಿಡಿಯಬೇಕು. ಮಥುರಾಗೆ ಮಾತ್ರ ನ್ಯಾಯ ಸಿಗಲಿಲ್ಲ.

ಇನ್ನು ನಮ್ಮ ಹುಡುಗರಲ್ಲಿರೋ ಒಂದು ತಪ್ಪು ತಿಳಿವಳಿಕೆ. ಮಾಡಿದವನೂ ದಲಿತನಾದರೆ 1989ರ ದೌರ್ಜನ್ಯ ತಡೆ ಕಾಯ್ದೆ ಅವನಿಗೆ ತಗಲೋದಿಲ್ಲ, ನಿಜ. ಹಾಗಂತ ಕೇಸೇ ಇಲ್ಲ ಅಂತಲ್ಲ. ಅತ್ಯಾಚಾರದ ಕಾನೂನು ಎಲ್ಲರಿಗೂ ಒಂದೇ. ಹುಡುಗಿಗೆ ಹದಿನೆಂಟು ತುಂಬಿಲ್ಲದಿದ್ದರೆ, 2012ರ ಪೋಕ್ಸೊ ಕಾಯ್ದೆ ಪ್ರಕಾರ ಗೊತ್ತಿದ್ದೂ ಮುಚ್ಚಿಡೋದೇ ಅಪರಾಧ. ದೂರನ್ನು ಯಾವ ಠಾಣೆಯಲ್ಲಾದರೂ ತಗೋಬೇಕು. ಸರ್ಕಾರಿ ಇರಲಿ ಖಾಸಗಿ ಇರಲಿ, ಆಸ್ಪತ್ರೆಯವರು ದುಡ್ಡು ಕೇಳದೆ ನೋಡಬೇಕು. ಎರಡು ಬೆರಳಿನ ಪರೀಕ್ಷೆ ಮಾಡಕೂಡದು ಅಂತ ಸುಪ್ರೀಂ ಕೋರ್ಟೇ 2013ರಲ್ಲಿ, ಮತ್ತೆ 2022ರಲ್ಲಿ ಹೇಳಿದೆ. ಇದನ್ನೆಲ್ಲ ಬಾಯಿಪಾಠ ಮಾಡಿ. ಠಾಣೆಯಲ್ಲಿ ಕೂರಿಸಿ ಕಾಯಿಸೋವಾಗ ನೆನಪಿರಬೇಕು.

ಆ ಯಜಮಾನರೂ ಸಂಗಾತಿಯೂ ಒಂದು ಕೆಲಸ ಮಾಡಿರಲಿಲ್ಲ, ನಾವೂ ಮಾಡಿರಲಿಲ್ಲ: ಹುಡುಗಿಯನ್ನೇ ಕೇಳೋದು. ಕಳೆದ ವಾರ ನಮ್ಮ ಇಬ್ಬರು ಸಂಗಾತಿ ಹೆಣ್ಣುಮಕ್ಕಳು ಹೋಗಿ ಕೇಳಿ ಬಂದರು. ಮೊದಲು ಪರೀಕ್ಷೆ ಬರೀಬೇಕು, ಕೇಸಿನ ವಿಚಾರ ನಾನೇ ಹೇಳ್ತೀನಿ, ಯಾರೂ ನನ್ನ ಹೆಸರು ಹಿಡಿದು ಘೋಷಣೆ ಕೂಗಬೇಡಿ ಅಂದಳಂತೆ. ಪರೀಕ್ಷೆ ಫೀಸಿಗೆ ಚಂದಾ ಎತ್ತಿದ್ದೀವಿ. ಹಾಸ್ಟೆಲ್ ಸೀಟಿಗೆ ಓಡಾಡ್ತಿದ್ದೀವಿ. ರಾಜಿಗೆ ಕೂತ ಸಂಗಾತಿಯನ್ನು ಸಮಿತಿಯಿಂದ ಇಳಿಸಿದೆ. ಮುಂದಿನ ಸಭೆಯಲ್ಲಿ ಅವನು ಎಲ್ಲರೆದುರು ಉತ್ತರ ಕೊಡಬೇಕು. ಹುಡುಗಿಯರು ಮುಂದಿನ ಸಾಲಿನಲ್ಲಿ ಕೂರಲಿ.