ಎರಡು ಡಾಲರ್ ವ್ಯಾಪಾರ, ಅರ್ಧ ಗಂಟೆ ಮಾತು

ಅಪ್ಪ ತುಮಕೂರಿನಲ್ಲಿ ರೇಡಿಯೋ ರಿಪೇರಿ ಮಾಡ್ತಿದ್ದರು. ಸಾಮಾನು ತರೋಕೆ ಬೆಂಗಳೂರಿನ ಎಸ್.ಪಿ. ರೋಡಿಗೆ ಹೊರಟರೆ ನಾನೂ ಹಿಂದೆ. ಬಸ್ಸಿನಲ್ಲೇ ಪಾಠ. "ಕಂದು, ಕಪ್ಪು, ಕೆಂಪು... ಎಷ್ಟು ಪುಟ್ಟಿ?" "ಸಾವಿರ ಓಮ್ ಅಪ್ಪಾ!" ರೆಸಿಸ್ಟರಿನ ಮೈಮೇಲಿನ ಬಣ್ಣದ ಪಟ್ಟಿ ಓದೋದನ್ನು ನಾನು ಮಗ್ಗಿಯ ಜೊತೆಗೇ ಕಲಿತೆ.

1996ರಲ್ಲಿ ಅಪ್ಪ ಸಿಡ್ನಿಯ ನಮ್ಮ ಮನೆಗೆ ಬಂದಾಗ ಅವರಿಗೆ ಆಪೆರಾ ಹೌಸಿಗಿಂತ ಹಿಡಿಸಿದ್ದು ಡಿಕ್ ಸ್ಮಿತ್ ಅಂಗಡಿ. ಗೋಡೆ ತುಂಬ ಪುಟ್ಟ ಪೊಟ್ಟಣಗಳಲ್ಲಿ ಬಿಡಿಭಾಗಗಳು. ಅಪ್ಪನ ಇಂಗ್ಲಿಷ್ ಅಷ್ಟಕ್ಕಷ್ಟೆ. ಕೌಂಟರಿನ ಹುಡುಗ ಕಾಗದದ ಮೇಲೆ ಸರ್ಕ್ಯೂಟ್ ಗೀಚಿದ, ಅಪ್ಪ ತಿದ್ದಿದರು, ಇಬ್ಬರೂ ನಕ್ಕರು. ಅರ್ಧ ಗಂಟೆ ಹೋಯ್ತು. ವ್ಯಾಪಾರ ಆಗಿದ್ದು ಎರಡು ಡಾಲರ್ ಚಿಲ್ಲರೆ!

ಆ ಅಂಗಡಿ ಬಾಗಿಲು ಹಾಕಿದ್ದು ಯಾಕೆ ಅಂತ ಯೋಚಿಸಿದಾಗಲೆಲ್ಲ ನನಗೆ ಆ ಅರ್ಧ ಗಂಟೆ ನೆನಪಾಗುತ್ತೆ.

ಡಿಕ್ ಸ್ಮಿತ್ ಅನ್ನೋರು 1968ರಲ್ಲಿ 610 ಡಾಲರ್ ಬಂಡವಾಳದಲ್ಲಿ ಕಾರ್ ರೇಡಿಯೋ ಕೆಲಸದಿಂದ ಶುರುಮಾಡಿದ ವ್ಯಾಪಾರ ಅದು. ಮಕ್ಕಳಿಗೆ ಎಲೆಕ್ಟ್ರಾನಿಕ್ಸ್ ಕಲಿಸುವ ಪುಸ್ತಕ, ಕಿಟ್‌ಗಳನ್ನೂ ತಂದರು. 1980ರಲ್ಲಿ ಶೇ. 60 ಪಾಲನ್ನು, 1982ರಲ್ಲಿ ಉಳಿದದ್ದನ್ನೂ ವುಲ್‌ವರ್ತ್ಸ್ ಎಂಬ ದೊಡ್ಡ ಸೂಪರ್‌ಮಾರ್ಕೆಟ್ ಕಂಪನಿ ಕೊಂಡಿತು. ಅಂಗಡಿಗಳ ಸಂಖ್ಯೆಯೇನೋ ಬೆಳೆಯಿತು. ಆದರೆ ದೊಡ್ಡ ಕಂಪನಿಯ ಲೆಕ್ಕವೇ ಬೇರೆ: ಇಷ್ಟು ಜಾಗದಿಂದ ಇಷ್ಟು ಆದಾಯ ಬರಲೇಬೇಕು. ಹತ್ತು ಸೆಂಟಿನ ರೆಸಿಸ್ಟರ್ ಇಟ್ಟ ಗೋಡೆಗೆ ಟಿ.ವಿ. ನೇತುಹಾಕಿದರೆ ಲಾಭವಲ್ಲವೇ? ಬಿಡಿಭಾಗಗಳು ಒಂದೊಂದಾಗಿ ಮಾಯವಾದವು. ವಿವರಿಸಿ ಹೇಳುವವರಿಗೂ ಕೆಲಸ ಉಳಿಯಲಿಲ್ಲ.

ಎಡವಟ್ಟಾಗಿದ್ದು ಇಲ್ಲೇ ಅಂತ ನನಗನ್ನಿಸುತ್ತೆ. ಟಿ.ವಿ., ಫೋನು ಎಲ್ಲ ಕಡೆ ಸಿಗುತ್ತೆ, ಇನ್ನೂ ದೊಡ್ಡ ಮಳಿಗೆಗಳಲ್ಲಿ ಇನ್ನೂ ಅಗ್ಗವಾಗಿ. ತನ್ನಲ್ಲಿ ಮಾತ್ರ ಸಿಗುತ್ತಿದ್ದುದನ್ನು ಬಿಟ್ಟ ಅಂಗಡಿಗೆ ಜನ ಯಾಕೆ ಹೋಗಬೇಕು? 2012ರಲ್ಲಿ ವುಲ್‌ವರ್ತ್ಸ್ ಅದನ್ನು ಒಂದು ಹೂಡಿಕೆ ಸಂಸ್ಥೆಗೆ ಮಾರಿತು. ಮರುವರ್ಷವೇ 52 ಕೋಟಿ ಡಾಲರ್ ಬೆಲೆಕಟ್ಟಿ ಷೇರುಪೇಟೆಗೆ ಬಿಟ್ಟರು. 2016ರ ಜನವರಿಯಲ್ಲಿ ಕುಸಿದುಬಿತ್ತು. ಮುನ್ನೂರಕ್ಕೂ ಹೆಚ್ಚು ಅಂಗಡಿ ಮುಚ್ಚಿದವು, ಮೂರು ಸಾವಿರದಷ್ಟು ಜನ ಕೆಲಸ ಕಳೆದುಕೊಂಡರು.

ತಪ್ಪೆಲ್ಲ ಕಂಪನಿಯದೇ ಅನ್ನಲಾರೆ. ಕೆಟ್ಟರೆ ಬಿಸಾಕಿ ಹೊಸದು ತರೋದು ನಾವೂ ಅಲ್ಲವೇ? ರಿಪೇರಿಯವರ ಮಗಳಾದ ನಾನೇ ಎಷ್ಟು ಮಿಕ್ಸಿ, ಎಷ್ಟು ರೇಡಿಯೋ ಎಸೆದಿದ್ದೀನೋ!

ಅಪ್ಪ ಈಗಿಲ್ಲ. ಬಿಡಿಭಾಗ ಮಾರುವ ಅಂಗಡಿ ಅಲ್ಲೊಂದು ಇಲ್ಲೊಂದು ಉಳಿದಿವೆ. ಕಳೆದ ಭಾನುವಾರ ಒಂಬತ್ತು ವರ್ಷದ ಮೊಮ್ಮಗನನ್ನು ಅಂಥ ಒಂದಕ್ಕೆ ಕರಕೊಂಡು ಹೊರಟೆ. ಕಾರಿನಲ್ಲಿ ಕೇಳಿದೆ, "ಕಂದು, ಕಪ್ಪು, ಕೆಂಪು... ಎಷ್ಟು ಹೇಳು?"

ಅವನು ಫೋನಿಗೆ ಕೈ ಹಾಕಿದ.

"ಅದನ್ನ ಒಳಗಿಡು ಮರಿ, ಅಜ್ಜಿ ಹೇಳಿಕೊಡ್ತೀನಿ" ಅಂದೆ.