ಮೊದಲು ಮರ್ಯಾದೆ, ಆಮೇಲೆ ಜೀನು

ಶನಿವಾರ ಬೆಳಿಗ್ಗೆ ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದು, ಆಸುಪಾಸಿನ ಯಾವುದೋ ಫಾರ್ಮ್‌ಗೆ ಹೋಗಿ, ಕುದುರೆ ಹತ್ತಿ ಫೋಟೊ ಹಾಕೋದು ನಮ್ಮ ಬೆಂಗಳೂರಿನವರ ಹೊಸ ಶೋಕಿ. ಶೋಕಿ ಬಗ್ಗೆ ನನಗೆ ತಕರಾರಿಲ್ಲ. ತಕರಾರಿರೋದು ಎಲ್ಲರೂ ಕೇಳೋ ಒಂದೇ ಪ್ರಶ್ನೆ ಬಗ್ಗೆ: "ಯಾವಾಗ ಓಡಿಸಬಹುದು?"

1975ರ 'ಶೋಲೆ'ಯಲ್ಲಿ ಬಸಂತಿಯ ಜಟಕಾ ಓಡಿದ್ದು ಇಲ್ಲೇ ಪಕ್ಕದ ರಾಮನಗರದ ಬಂಡೆಗಳ ನಡುವೆ. ಧನ್ನೋ ಓಟ ಎಲ್ಲರಿಗೂ ನೆನಪಿದೆ. ಗಾಡಿ ಕಟ್ಟುವಾಗ ಅಲ್ಲಾಡದೆ ನಿಲ್ಲೋದನ್ನ ಆ ಕುದುರೆಗೆ ಯಾರೋ ಕಲಿಸಿರಬೇಕಲ್ಲ? ಆ ಕೆಲಸ ಯಾರಿಗೂ ಬೇಡ.

ಬೆಳೆದ ಕುದುರೆ ಸುಮಾರು 400ರಿಂದ 500 ಕೆಜಿ ತೂಗುತ್ತೆ. ಮರಿ ಮೈಮೇಲೆ ನುಗ್ಗಿದರೆ ಮುದ್ದು, ಮೂರು ವರ್ಷದ್ದು ಅದನ್ನೇ ಮಾಡಿದರೆ ಪಕ್ಕೆಲುಬು ಮುರಿಯುತ್ತೆ. ಆಗ 'ಕೊಬ್ಬು ಜಾಸ್ತಿ ಆಯ್ತು' ಅಂತ ಚಾಟಿ ತೆಗೀತಾರೆ. ನಿನ್ನೆ ಮುದ್ದು ಮಾಡಿದ್ದಕ್ಕೇ ಇವತ್ತು ಏಟು ಬಿದ್ದರೆ ಅದಕ್ಕೇನ್ರೀ ಅರ್ಥ ಆಗಬೇಕು?

ಕಲಿಸಬೇಕಾದ್ದು ನಾಲ್ಕೇ ವಿಷಯ. ಹಗ್ಗ ಸಡಿಲ ಇದ್ದಾಗಲೂ ಪಕ್ಕದಲ್ಲೇ ನಡೆಯೋದು. ನಾವು ನಿಂತರೆ ನಿಲ್ಲೋದು. ಎದೆ ಮುಟ್ಟಿದರೆ ಒಂದು ಹೆಜ್ಜೆ ಹಿಂದೆ ಸರಿಯೋದು. ಕೇಳಿದಾಗ ಕಾಲು ಎತ್ತಿ ಕೊಡೋದು. ಹಗ್ಗ ಮೆಲ್ಲಗೆ ಬಿಗಿ ಹಿಡಿದು ಕಾಯಬೇಕು. ಅದು ಒಂದು ಹೆಜ್ಜೆ ಇಟ್ಟ ಕ್ಷಣವೇ ಸಡಿಲ ಬಿಡಬೇಕು. ಆ ಸಡಿಲವೇ ಪಾಠ. ತಡ ಮಾಡಿದರೆ ಯಾವುದಕ್ಕೆ ಸಡಿಲ ಸಿಕ್ಕಿತು ಅಂತ ಅದಕ್ಕೆ ಗೊತ್ತಾಗಲ್ಲ. ದಿನಕ್ಕೆ ಹದಿನೈದು ನಿಮಿಷ ಸಾಕು, ಆದರೆ ದಿನಾ ಬೇಕು. ಎಡಗಡೆ ನಿಂತು ಕಲಿಸಿದ್ದನ್ನ ಬಲಗಡೆಯಿಂದಲೂ ಕಲಿಸಬೇಕು. ಮಾತುಮಾತಿಗೂ ಬೆಲ್ಲ, ಕ್ಯಾರೆಟ್ ತಿನ್ನಿಸೋದು ಬಿಡಬೇಕು. ಕೈ ಹುಡುಕೋ ಬಾಯಿ ಕಚ್ಚೋದನ್ನ ಬೇಗ ಕಲಿಯುತ್ತೆ.

"ಇಷ್ಟಕ್ಕೆಲ್ಲ ಟೈಮ್ ಎಲ್ಲಿದೆ ಗುರೂ?" ಧಾರಾಳವಾಗಿದೆ. ಕುದುರೆಯ ಬೆನ್ನುಮೂಳೆ ಪೂರ್ತಿ ಬಲಿಯೋಕೇ ಐದಾರು ವರ್ಷ ಬೇಕು. ರೇಸಿನವರು ಎರಡು ವರ್ಷಕ್ಕೇ ಓಡಿಸ್ತಾರೆ, ಅವರ ಲೆಕ್ಕ ಬೇರೆ. ವೀಕೆಂಡ್ ಸವಾರನಿಗೆ ಯಾವ ಡೆಡ್‌ಲೈನ್? ಕುದುರೆ ಹತ್ತಿರ ಕೋಪ ಮಾಡ್ಕೊಂಡು ಹೋಗಬೇಡಿ ಅಂತ ಗ್ರೀಸಿನ ಕ್ಸೆನೊಫೊನ್ ಬರೆದು 2,300 ವರ್ಷ ದಾಟಿತು. ನಾವಿನ್ನೂ ಚಾಟಿ ಹಿಡ್ಕೊಂಡೇ ನಿಂತಿದ್ದೀವಿ.

ಇದರ ಬೆಲೆ ಕೊಡೋರು ಯಾರು ಅಂತ ನೋಡಿ. ಒದೆ ತಿನ್ನೋದು ತಿಂಗಳ ಸಂಬಳಕ್ಕೆ ದುಡಿಯೋ ಸೈಸ್, ಒಂದು ಗಂಟೆಗೆ ಬಂದು ಹೋಗೋ ನಾವಲ್ಲ. ಆಮೇಲೆ ಕುದುರೆ. ಕಾಲು ಕೊಡದ ಕುದುರೆಗೆ ಲಾಳ ಹೊಡೆಯೋಕಾಗಲ್ಲ, ಗೊರಸು ಕೆಟ್ಟು ಕುಂಟುತ್ತೆ. ಕಚ್ಚೋ ಕುದುರೆಯನ್ನ ಒಬ್ಬ ಇನ್ನೊಬ್ಬನಿಗೆ ಮಾರ್ತಾನೆ, ಅವನು ಮತ್ತೊಬ್ಬನಿಗೆ. ಪ್ರತಿ ಸಲ ಬೆಲೆ ಇಳಿಯುತ್ತೆ, ಅದರ ಜೊತೆ ಮೇವೂ ಇಳಿಯುತ್ತೆ. ಮರ್ಯಾದೆ ಕಲಿತ ಕುದುರೆಗೆ ವಯಸ್ಸಾದ ಮೇಲೂ ಯಾರಾದರೂ ಒಂದು ಲಾಯ ಕೊಡ್ತಾರೆ.

ದುಡ್ಡು ಕೊಡೋರು ನಾವು, ಹಾಗಾಗಿ ಕೇಳೋ ಹಕ್ಕೂ ನಮ್ಮದೇ. ಮುಂದಿನ ಶನಿವಾರ ಹತ್ತೋಕೆ ಮುಂಚೆ ಒಂದು ಮಾತು ಕೇಳಿ: "ಈ ಕುದುರೆ ಕಾಲು ಎತ್ತಿ ಕೊಡುತ್ತಾ, ತೋರಿಸ್ತೀರಾ?" ತೋರಿಸೋಕಾಗಲ್ಲ ಅಂದರೆ ಹತ್ತಬೇಡಿ, ದುಡ್ಡೂ ಕೊಡಬೇಡಿ.